ತಪ್ಪು ಕಾಣಿಕೆ

ಅದು 2020ರ ಡಿಸೆಂಬರ್ ತಿಂಗಳು. ನಮ್ಮ ಕೊತ್ತಗೆರೆಯ ಸುತ್ತಿನ ಹೊಲಗಳಲ್ಲಿ ರಾಗಿ ಕೊಯ್ದು ಮೆದೆ ಹಾಕಿ ಆಗಿತ್ತು. ಅಕ್ಕಡಿ ಸಾಲಿನ ಅವರೆ ಮಾತ್ರ ಇನ್ನೂ ಹಸಿರಾಗಿ ನಿಂತು ಬೆಳಗಿನ ಇಬ್ಬನಿಗೆ ಸೊಗಡು ಬಿಡುತ್ತಿತ್ತು. ಕೊರೋನಾ ಕಾಟದಿಂದ ಶಾಲೆಗೆ ಮಕ್ಕಳು ಬರುತ್ತಿರಲಿಲ್ಲ. ಬಂದದ್ದು ಗ್ರಾಮ ಪಂಚಾಯಿತಿ ಚುನಾವಣೆ. ಒಂದು ಸಂಜೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು ಸೆರಗಿನ ತುಂಬ ಅವರೆಕಾಯಿ ಕಟ್ಟಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಸುರಿದಳು. ಅವಳ ಹೆಸರು ಇಲ್ಲಿ ಬೇಡ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎಂದೇ ಕರೆಯುವುದು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಇಬ್ಬರೂ ಕಾಯಿ ಸುಲಿಯುತ್ತ ಕುಳಿತೆವು. ಅರ್ಧ ಮೊರ ಕಾಳು ಆಗುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕಾಳಿನಿಂದ ಕಣ್ಣು ಎತ್ತದೆಯೇ ಕೇಳಿದಳು:

“ಮೇಡಮ್ಮೋರೇ, ಆಣೆ ಮಾಡಿ ತಪ್ಪಿದ್ರೆ ಏನಾಯ್ತದೆ?”

ವಿಷಯ ಏನೆಂದು ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಚುನಾವಣೆಯ ಹಿಂದಿನ ವಾರ ನಮ್ಮ ಕಡೆಯ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಏನು ನಡೆಯುತ್ತದೆಂದು ಗೊತ್ತಿಲ್ಲದವರು ಯಾರೂ ಇಲ್ಲ. ಅವಳ ಮನೆಗೆ ಮೂವರು ಬಂದಿದ್ದರಂತೆ. ಒಬ್ಬನ ಕೈಯಲ್ಲಿ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅರಿಶಿನ ಕುಂಕುಮ, ಧರ್ಮಸ್ಥಳದ ಮಂಜುನಾಥಸ್ವಾಮಿಯ ಸಣ್ಣದೊಂದು ಪಟ, ಪಟದ ಕೆಳಗೆ ಐನೂರರ ಎರಡು ನೋಟು. “ಪಟ ಮುಟ್ಟಿ ಸ್ವಾಮಿ ಸಾಕ್ಷಿ ಅನ್ನಕ್ಕ, ಆಮೇಲೆ ಎತ್ಕೊ” ಎಂದರಂತೆ. ಅವಳು ಮುಟ್ಟಿದಳು, ಅಂದಳು, ಎತ್ತಿಕೊಂಡಳು.

“ಬೇಡ ಅನ್ನಬಾರದಾಗಿತ್ತೇ?” ಎಂದೆ.

“ಬೀದಿಲಿ ಎಲ್ಲರೂ ಈಸ್ಕೊಂಡವ್ರೆ. ನಾನೊಬ್ಬಳು ಬೇಡ ಅಂದ್ರೆ ಆ ಕಡೆಯೋಳು ಅಂತ ಅಲ್ಲೇ ಬರ್ಕೊಂಡು ಹೋಯ್ತಾರೆ. ನಾಳೆ ಮನೆ ಪಟ್ಟಿ ಬತ್ತದೆ, ನೀರು ನಲ್ಲಿ ಬತ್ತದೆ. ಒಬ್ಬಂಟಿ ಹೆಂಗಸು, ಯಾಕೆ ಬೇಕು ಮೇಡಮ್ಮೋರೆ?”

ಎದುರು ನಿಂತಿದ್ದವಳು ಒಬ್ಬ ಹೆಂಗಸು. ಹಿಂದಿನ ಅವಧಿಯಲ್ಲಿ ಸದಸ್ಯೆಯಾಗಿದ್ದಾಗ ಅಕ್ಕನ ವಿಧವಾ ವೇತನದ ಅರ್ಜಿ ಹಿಡಿದು ತಾನೇ ನಾಲ್ಕು ಸಲ ಕುಣಿಗಲ್ಲಿಗೆ ಓಡಾಡಿ ಮಾಡಿಸಿಕೊಟ್ಟಿದ್ದಳು. ಬಸ್ ಚಾರ್ಜನ್ನೂ ತೆಗೆದುಕೊಂಡಿರಲಿಲ್ಲ. ಅಕ್ಕನಿಗೆ ಅವಳಿಗೇ ಹಾಕುವ ಮನಸ್ಸು. ಒಂದು ಕಡೆ ಋಣ, ಇನ್ನೊಂದು ಕಡೆ ಆಣೆ.

ನಾನು ಮಾಡಿದ ಮೊದಲ ಕೆಲಸವೆಂದರೆ ಜಾರಿಕೊಂಡದ್ದು. “ನಾನು ಸರ್ಕಾರಿ ನೌಕರಳು ಅಕ್ಕ, ಯಾರಿಗೆ ಹಾಕು ಅಂತ ಹೇಳೋ ಹಾಗಿಲ್ಲ” ಎಂದೆ. ಅವಳು ಈಗ ಮುಖ ಎತ್ತಿ ನೋಡಿದಳು. “ಯಾರಿಗೆ ಹಾಕ್ಲಿ ಅಂತ ನಾನೆಲ್ಲಿ ಕೇಳ್ದೆ? ಆಣೆ ತಪ್ಪಿದ್ರೆ ಏನಾಯ್ತದೆ ಅಂತ ಕೇಳ್ದೆ.”

ಈ ಮಾತಿಗೆ ಉತ್ತರ ಹುಡುಕಲು ಹೋಗಿ ನಾನು ಇಷ್ಟು ವರ್ಷ ಓಟಿನ ಬಗ್ಗೆ ಮಕ್ಕಳಿಗೆ ಹೇಳುತ್ತ ಬಂದದ್ದರ ಅಡಿಪಾಯವೇ ಅಲುಗಾಡಿತು.

ನನಗೂ ಓಟಿಗೂ ಇರುವ ನಂಟನ್ನು ಸ್ವಲ್ಪ ಹೇಳಬೇಕು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್‌ನಲ್ಲಿ. ಆ ವರ್ಷದ ನವೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ ಬಂತು. ನನಗೆ ಆಗ ಹತ್ತೊಂಬತ್ತು. ಹೊಸ ಲಂಗ ದಾವಣಿ ಹಾಕಿಕೊಂಡು, ಹಬ್ಬಕ್ಕೆ ಹೋಗುವಂತೆ ಅಮ್ಮನ ಹಿಂದೆ ಹೋದೆ. ನಮ್ಮ ಮನೆಯಲ್ಲಿ ಆರು ಓಟು. ಊರಿನವರು ಹಾಗೆಯೇ ಎಣಿಸುತ್ತಿದ್ದರು: ಇಂಥವರ ಮನೆಯಲ್ಲಿ ಎರಡು ಜೊತೆ ಎತ್ತು, ಆರು ಓಟು. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಗುರುತು ಹೇಳಿದ್ದರು. ನಾನು ಅದೇ ಗುರುತಿನ ಮೇಲೆ ಮುದ್ರೆ ಒತ್ತಿ ಬಂದೆ. ಯಾರೂ ದುಡ್ಡು ಕೊಡಲಿಲ್ಲ, ಯಾರೂ ಆಣೆ ಹಾಕಿಸಲಿಲ್ಲ, ನನಗೆ ಬೇಸರವೂ ಆಗಲಿಲ್ಲ. ಆದರೆ ಆ ಓಟು ನನ್ನದಾಗಿತ್ತೇ? ಅಪ್ಪನ ಮಾತಿಗೂ ಆ ಮೂವರ ತಟ್ಟೆಗೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ, ಇದೆ ಎಂದು ನನಗೆ ಗೊತ್ತು. ಎಷ್ಟಿದೆ ಎಂದು ಹೇಳಲು ಮಾತ್ರ ಇಂದಿಗೂ ತಡವರಿಸುತ್ತೇನೆ.

ಕೆಲಸಕ್ಕೆ ಸೇರಿದ ಮೇಲೆ ಪ್ರತಿ ಚುನಾವಣೆಗೂ ಡ್ಯೂಟಿ. ಮೇಷ್ಟ್ರುಗಳಿಲ್ಲದೆ ಈ ದೇಶದಲ್ಲಿ ಚುನಾವಣೆ ನಡೆಯುವುದಿಲ್ಲ ಎಂದು ನಾವು ನಾವೇ ಜಂಬ ಕೊಚ್ಚಿಕೊಳ್ಳುತ್ತೇವೆ. ಡ್ಯೂಟಿ ತಪ್ಪಿಸಿಕೊಳ್ಳಲು ಡಾಕ್ಟರ ಚೀಟಿ ಹಿಡಿದು ಓಡಾಡುವವರೂ ನಾವೇ. 1999ರಲ್ಲಿ ಎರಡು ಬಣ್ಣದ ಮತಪತ್ರ: ಲೋಕಸಭೆಗೆ ಬಿಳಿಯದು, ವಿಧಾನಸಭೆಗೆ ನಸುಗೆಂಪಿನದು. ಮಡಿಸುವುದನ್ನು ಹೇಳಿಕೊಟ್ಟು ಹೇಳಿಕೊಟ್ಟು ನಮ್ಮ ಗಂಟಲು ಒಣಗುತ್ತಿತ್ತು. 2004ಕ್ಕೆ ದೇಶದ ತುಂಬ ಯಂತ್ರ ಬಂತು. ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೂ ಹೈದರಾಬಾದಿನ ಇಸಿಐಎಲ್‌ನಲ್ಲೂ ತಯಾರಾಗುವ ಯಂತ್ರ ಅದು. ಗುಂಡಿ ಒತ್ತಿದರೆ ‘ಕೀಂಯ್’ ಎನ್ನುತ್ತದೆ. ಆ ಸದ್ದಿಗೆ ಬೆಚ್ಚಿ ಎದೆ ಮುಟ್ಟಿಕೊಂಡ ಅಜ್ಜಿಯರನ್ನು ನೋಡಿದ್ದೇನೆ. ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದುದು ಶಾಯಿ ಹಚ್ಚುವ ಕೆಲಸ. ಎಡಗೈ ತೋರುಬೆರಳಿಗೆ ಹಚ್ಚುವ ಆ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅದನ್ನು ಮಾಡಿಕೊಡುತ್ತಿದೆ. ಸೆಗಣಿ ಬಳಿದು ಒರಟಾದ ಬೆರಳು, ಅಡಿಕೆ ಸುಲಿದು ಕಪ್ಪಾದ ಬೆರಳು, ಗಾರೆ ಕೆಲಸದಲ್ಲಿ ಉಗುರು ಒಡೆದ ಬೆರಳು, ಎಷ್ಟೋ ಸಾವಿರ ಬೆರಳನ್ನು ಹಿಡಿದಿದ್ದೇನೆ. ಬೆರಳು ಹಿಡಿದಾಗ ನಡುಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಗಂಡನ ಹೆಸರು ಹೇಳಲಾರದ ಹೆಂಗಸರನ್ನು ಆಗ ಬೇಕಾದಷ್ಟು ಕಂಡೆ. “ಗಂಡನ ಹೆಸರೇನಮ್ಮ?” ಎಂದರೆ ಪಕ್ಕದವಳ ಮುಖ ನೋಡುವರು, ಪಕ್ಕದವಳು ಹೇಳುವಳು. ನಗು ಬರುತ್ತಿತ್ತು. ಆಮೇಲೆ ಓದಿ ತಿಳಿದಾಗ ನಗು ನಿಂತಿತು. 1951–52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರದ ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರಂತೆ. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೊರಗುಳಿಯಿತು. ನಿಷ್ಠುರವಾದ ತೀರ್ಮಾನ. ಆದರೆ ಅದರ ಹಿಂದಿನ ಮಾತು ದೊಡ್ಡದು: ಓಟು ಇರುವುದು ಹೆಸರಿರುವ ಒಬ್ಬ ಮನುಷ್ಯಳಿಗೆ, ಯಾರದೋ ಹೆಂಡತಿಗಲ್ಲ.

ಇಷ್ಟೆಲ್ಲ ಬೆರಳು ಹಿಡಿದವಳು ಎಂದೆನಲ್ಲ, ನನ್ನ ಬೆರಳಿನ ಕಥೆಯನ್ನೂ ಹೇಳಿಬಿಡುತ್ತೇನೆ. ಡ್ಯೂಟಿಯ ಮೇಲಿರುವವರಿಗೆ ಅಂಚೆ ಮತಪತ್ರವಿದೆ. ಅರ್ಜಿ ತುಂಬಬೇಕು, ಘೋಷಣೆಗೆ ಸಹಿ ಹಾಕಿ ದೃಢೀಕರಣ ಮಾಡಿಸಬೇಕು, ಒಂದು ಲಕೋಟೆಯೊಳಗೆ ಇನ್ನೊಂದು ಲಕೋಟೆ ಇಡಬೇಕು. ಎರಡು ಚುನಾವಣೆಗಳಲ್ಲಿ ನಾನು ಅದನ್ನು ಮಾಡಲಿಲ್ಲ. ಯಾರ ತಪ್ಪೂ ಅಲ್ಲ, ಸೋಮಾರಿತನ. ಊರಿನವರಿಗೆಲ್ಲ ಶಾಯಿ ಹಚ್ಚಿ ಬೋಳು ಬೆರಳಿನಲ್ಲಿ ಮನೆಗೆ ಬಂದೆ. ಮಾರನೆಯ ದಿನ ತರಗತಿಯಲ್ಲಿ ಮತದಾನ ನಮ್ಮ ಪವಿತ್ರ ಕರ್ತವ್ಯ ಎಂದು ಪಾಠ ಮಾಡುವಾಗ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಮುಂದಿನ ಬೆಂಚಿನ ಹುಡುಗಿ ನೋಡಿಯೇಬಿಟ್ಟಳು. ಅವಳು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಒಂದು ಸುಳ್ಳು ಹೇಳುತ್ತಿದ್ದೆ.

ಅಕ್ಕನ ಪ್ರಶ್ನೆಗೆ ಬರೋಣ. ಜಾರಿಕೊಳ್ಳಲು ಆಗದಿದ್ದಾಗ ನಾನು ಕಾನೂನು ಹೇಳಿದೆ. ಚುನಾವಣಾ ತರಬೇತಿಗಳಲ್ಲಿ ಕೂತೂ ಕೂತೂ ನನಗೆ ಒಂದಿಷ್ಟು ಬಾಯಿಗೆ ಬರುತ್ತದೆ. ಓಟಿಗೆ ಲಂಚ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಅಷ್ಟೇ ಅಲ್ಲ, ಇಂಥವರಿಗೆ ಹಾಕದಿದ್ದರೆ ದೇವರು ಮುನಿಯುತ್ತಾನೆಂದು ಮತದಾರರನ್ನು ನಂಬಿಸುವುದೇ ಒಂದು ಅಪರಾಧ. ಇದು ನಿನ್ನೆ ಮೊನ್ನೆಯ ಕಾನೂನಲ್ಲ. 1920ರಲ್ಲಿ ಬ್ರಿಟಿಷರು ದಂಡ ಸಂಹಿತೆಗೆ ಸೇರಿಸಿದ ಚುನಾವಣಾ ಅಪರಾಧಗಳ ಅಧ್ಯಾಯದಲ್ಲಿಯೇ ಇತ್ತು, ಸ್ವತಂತ್ರ ಭಾರತದ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿಯೂ ಬಂತು, 2024ರ ಜುಲೈಯಲ್ಲಿ ಜಾರಿಯಾದ ನ್ಯಾಯ ಸಂಹಿತೆಯಲ್ಲಿಯೂ ಮುಂದುವರಿದಿದೆ. ನೂರು ವರ್ಷದ ಹಿಂದೆಯೇ ಆ ತಟ್ಟೆ ಮತ್ತು ಪಟ ಕಾನೂನು ಮಾಡಿದವರ ಕಣ್ಣಿಗೆ ಬಿದ್ದಿದ್ದವು ಎಂದಾಯಿತು. ಇನ್ನು ಕರಾರಿನ ಕಾಯ್ದೆ ಇನ್ನೂ ಹಳೆಯದು, 1872ರದು. ಕಾನೂನುಬಾಹಿರ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ ಒಪ್ಪಂದವೇ ಅಲ್ಲ. “ಹಾಗಾಗಿ ನೀನು ಮಾಡಿದ ಆಣೆ ಲೆಕ್ಕಕ್ಕಿಲ್ಲ ಅಕ್ಕ, ನಡೆಯೋದೇ ಇಲ್ಲ ಅದು” ಎಂದೆ.

ಅವಳು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡುತ್ತ, “ಕಾನೂನು ಬಿಡಿ ಮೇಡಮ್ಮೋರೆ. ನೀವು ಮುಂಚೆ ಚಿಕ್ಕ ಸ್ಕೂಲಲ್ಲಿ ಇದ್ದಾಗ ಪುಣ್ಯಕೋಟಿ ಹೇಳ್ಕೊಡ್ತಿದ್ರಲ್ಲ, ನಾನು ಅಕ್ಕಿ ಆರಿಸ್ತಾ ಬಾಗ್ಲಲ್ಲಿ ಕೂತ್ಕೊಂಡು ಕೇಳ್ತಿದ್ದೆ. ಹುಲಿಗೆ ಕೊಟ್ಟ ಮಾತು ಲೆಕ್ಕಕ್ಕಿಲ್ಲ ಅಂತ ಅದ್ಕೆ ಯಾರೂ ಹೇಳ್ಲಿಲ್ವಾ?” ಎಂದಳು.

ಹೇಳಿದ್ದರು. ಆ ಪದ್ಯದಲ್ಲಿ ಕರು ಹೇಳುತ್ತದೆ, ಹೋಗಬೇಡ ಎಂದು. ಹೋದದ್ದಕ್ಕೇ ಅವಳು ಪುಣ್ಯಕೋಟಿ. ನನ್ನ ಕೈಯಲ್ಲಿ ಕಲಿತ ಮಕ್ಕಳು ಆ ಪದ್ಯಕ್ಕೆ ಅತ್ತದ್ದನ್ನು ನಾನು ಹೆಮ್ಮೆಯಿಂದ ನೋಡಿದ್ದೇನೆ. ಈಗ ಆ ಮಕ್ಕಳ ಅಡುಗೆಯವಳಿಗೆ, ಸತ್ಯವೆಂಬುದು ಸಂದರ್ಭ ನೋಡಿಕೊಂಡು ನಡೆಸುವ ವ್ಯವಹಾರ ಎಂದು ಯಾವ ಬಾಯಲ್ಲಿ ಹೇಳಲಿ?

ಅಂದು ನಾನು ಹೇಳಿದ್ದು ಇಷ್ಟೇ: “ಯೋಚನೆ ಮಾಡಿ ಹೇಳ್ತೀನಿ ಅಕ್ಕ.” ಅವಳು ಕಾಳನ್ನು ನನಗೇ ಬಿಟ್ಟು, ಸಿಪ್ಪೆಯನ್ನು ಹಸುವಿಗೆಂದು ಕಟ್ಟಿಕೊಂಡು ಹೋದಳು. ಎರಡು ದಿನದ ಮೇಲೆ ನಾನು ಬೇರೆ ಪಂಚಾಯಿತಿಯ ಮತಗಟ್ಟೆಗೆ ಡ್ಯೂಟಿಗೆ ಹೊರಟುಹೋದೆ.

ಆ ರಾತ್ರಿ ಮತಗಟ್ಟೆಯ ಕೋಣೆಯಲ್ಲಿ, ಮೇಜುಗಳನ್ನು ಸಾಲಾಗಿಟ್ಟು ರಟ್ಟಿನ ಮರೆಯನ್ನು ನಿಲ್ಲಿಸುತ್ತಿದ್ದಾಗ ಒಂದು ಹೊಳೆಯಿತು. ನಾವು ಇಷ್ಟೆಲ್ಲ ಶ್ರಮಪಟ್ಟು ಕಟ್ಟುವುದು ಈ ಮರೆಯನ್ನು. ಗೌಡನೂ, ಗಂಡನೂ, ಸಾಲ ಕೊಟ್ಟವನೂ ಇಣುಕಲಾಗದಂಥ ಎರಡು ಅಡಿ ಅಗಲದ ಜಾಗ. ಬಡ ಹೆಂಗಸೊಬ್ಬಳಿಗೆ ತನ್ನ ಮನೆಯಲ್ಲಿಯೂ ಅಂಥದೊಂದು ಜಾಗ ಇರುವುದಿಲ್ಲ. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ಓದುವಾಗ ಜಾನ್ ಸ್ಟುವರ್ಟ್ ಮಿಲ್ ಗುಪ್ತ ಮತದಾನವನ್ನು ಒಪ್ಪಿರಲಿಲ್ಲ ಎಂದು ಪರೀಕ್ಷೆಗೆ ಬರೆದಿದ್ದೆ. ಓಟು ಒಬ್ಬನ ಸ್ವಂತ ಆಸ್ತಿಯಲ್ಲ, ಸಮಾಜ ಅವನ ಕೈಗೆ ಒಪ್ಪಿಸಿದ ಹೊಣೆ, ಆದ್ದರಿಂದ ಎಲ್ಲರೆದುರೇ ಹಾಕಬೇಕು ಎಂಬುದು ಅವನ ವಾದ. ಮೊದಲರ್ಧ ನನಗೆ ಒಪ್ಪಿಗೆ, ಉತ್ತರಾರ್ಧ ಒಪ್ಪಿಗೆಯಿಲ್ಲ. ಆ ಮಹನೀಯ ನಮ್ಮ ಹೋಬಳಿಯಲ್ಲಿ ಒಂದು ಚುನಾವಣೆ ನೋಡಿದ್ದರೆ ಮಾತು ಬದಲಿಸುತ್ತಿದ್ದ. ಎಲ್ಲರೆದುರು ಓಟು ಹಾಕಿ ಸಂಜೆ ಅದೇ ಬೀದಿಯಲ್ಲಿ ನೀರಿಗೆ ಹೋಗಬೇಕಾದವಳ ಕಷ್ಟ ಅವನಿಗೆ ಗೊತ್ತಿರಲಿಲ್ಲ.

ಕಾನೂನು ಕಟ್ಟಿದ ಮರೆಯೊಳಗೆ ಇಣುಕಲು ಆ ಮೂವರಿಂದ ಆಗುವುದಿಲ್ಲ. ಅದಕ್ಕೇ ಅವರು ದೇವರನ್ನು ಗೂಢಚಾರನನ್ನಾಗಿ ಒಳಗೆ ಕಳಿಸುತ್ತಾರೆ. ಆಣೆ ಎಂದರೆ ಅದೇ. ರಾತ್ರಿ ತಂದ ಪಟದಲ್ಲಿದ್ದ ಸ್ವಾಮಿ ಬೆಳಿಗ್ಗೆ ಅವಳ ಜೊತೆ ಮರೆಯೊಳಗೆ ಬಂದು, ಕೈ ಎಲ್ಲಿ ಹೋಗುತ್ತದೆಂದು ನೋಡಿಕೊಂಡು ನಿಲ್ಲಬೇಕು. ಇದರಲ್ಲಿ ನನಗೆ ಸಿಟ್ಟು ಬರುವುದು ಎಲ್ಲಿ ಎಂದರೆ, ಈ ಉಪಾಯ ನಡೆಯುವುದು ಭಯಭಕ್ತಿ ಇರುವವರ ಮೇಲೆ ಮಾತ್ರ. ಆಣೆಯನ್ನು ಗಾಳಿಗೆ ತೂರುವವನನ್ನು ಅದು ಕಟ್ಟಿಹಾಕುವುದಿಲ್ಲ. ಮಾತಿಗೆ ಬೆಲೆ ಕೊಡುವವಳನ್ನು ಕಟ್ಟಿಹಾಕುತ್ತದೆ. ಅವಳಲ್ಲಿರುವ ಒಳ್ಳೆಯತನವೇ ಅವಳ ಕಾಲಿಗೆ ಹಗ್ಗ. ದೊಡ್ಡವರಿಗೆ ಈ ತೊಂದರೆಯಿಲ್ಲ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರೂ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರೂ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಧರ್ಮಸ್ಥಳಕ್ಕೆ ಹೋದರು. ರಾಜ್ಯವೆಲ್ಲ ಟೀವಿಯ ಮುಂದೆ ಕುಳಿತಿತ್ತು. ಕೊನೆಗೆ ಇಬ್ಬರೂ ಪೂಜೆ ಮಾಡಿಸಿಕೊಂಡು ಬಂದರೇ ಹೊರತು ಆಣೆ ಇಡಲಿಲ್ಲ. ಆಣೆ ಇಡದೇ ಇರುವ ಸ್ವಾತಂತ್ರ್ಯವಾದರೂ ಅವರಿಗಿತ್ತು.

ಹಾಗಾದರೆ ಪುಣ್ಯಕೋಟಿಯ ಮಾತು? ನಾನು ಯೋಚಿಸಿದ್ದು ಹೀಗೆ. ಪುಣ್ಯಕೋಟಿ ಹುಲಿಗೆ ಕೊಟ್ಟದ್ದು ತನ್ನ ಮೈಯನ್ನು. ಅದು ಅವಳದೇ, ಕೊಡುವ ಅಧಿಕಾರವೂ ಅವಳದೇ. ಅಕ್ಕ ಆ ರಾತ್ರಿ ಕೊಟ್ಟದ್ದು ತನ್ನೊಬ್ಬಳದಲ್ಲ. ಪಂಚಾಯಿತಿಯಲ್ಲಿ ಯಾರು ಕೂರಬೇಕೆಂಬುದು ಬೀದಿಗೆಲ್ಲ ಸೇರಿದ ವಿಷಯ. ಮುಂದಿನ ಐದು ವರ್ಷ ಯಾರ ಮನೆಯ ಮುಂದೆ ಚರಂಡಿ, ಯಾರ ಮನೆಗೆ ದೀಪ ಎಂಬುದೆಲ್ಲ ಅದರಲ್ಲಿದೆ. ಬೇರೆಯವರ ಒಡವೆಯನ್ನು ಕೊಡುತ್ತೇನೆಂದು ಆಣೆ ಮಾಡಿದರೆ ಆ ಆಣೆ ಉಳಿಸಿಕೊಳ್ಳಲು ಕದಿಯಬೇಕೇ? ಇನ್ನೊಂದು, ಹುಲಿ ಹಸಿದಿತ್ತು, ಸುಳ್ಳು ಹೇಳಲಿಲ್ಲ. ನಿನ್ನನ್ನು ತಿನ್ನುತ್ತೇನೆ ಎಂದು ನೇರವಾಗಿ ಹೇಳಿತು. ನಮ್ಮ ಹುಲಿಗಳು ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಅಕ್ಕ ಎಂದು ಕರೆಯುತ್ತ ಬರುತ್ತವೆ.

ಆಣೆ ಪಾಲಿಸಿದರೇ ಅಧರ್ಮವಾಗುವ ಪ್ರಸಂಗ ನಮ್ಮವರಿಗೆ ಹೊಸದಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಇದೇ ಬಿಕ್ಕಟ್ಟು ಬರುತ್ತದೆ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ಕಡಿಯುತ್ತೇನೆ ಎಂದು ಅರ್ಜುನ ಪ್ರತಿಜ್ಞೆ ಮಾಡಿರುತ್ತಾನೆ. ನೋವಿನಲ್ಲಿದ್ದ ಧರ್ಮರಾಯನೇ ಆ ಮಾತು ಆಡಿಬಿಡುತ್ತಾನೆ. ಅರ್ಜುನ ಕತ್ತಿ ಹಿರಿದು ಅಣ್ಣನ ಮೇಲೆ ಹೋಗುತ್ತಾನೆ. ಕೃಷ್ಣ ತಡೆದು, ಕೌಶಿಕನೆಂಬ ತಪಸ್ವಿಯ ಕಥೆ ಹೇಳುತ್ತಾನೆ. ಸತ್ಯವನ್ನೇ ನುಡಿಯುವ ವ್ರತ ಹಿಡಿದಿದ್ದ ಅವನು, ಅಡಗಿದ್ದ ಜನರ ಜಾಡನ್ನು ಕಳ್ಳರಿಗೆ ನಿಜವಾಗಿ ತೋರಿಸಿ ನರಕಕ್ಕೆ ಹೋದನಂತೆ. ಹರಿಕಥೆಯಲ್ಲಿ ಈ ಭಾಗ ಕೇಳಿ ನಾವೆಲ್ಲ ತಲೆದೂಗಿದ್ದೇವೆ. ಆದರೆ ಅದೇ ಭಾರತದಲ್ಲಿ ಭೀಷ್ಮರಿದ್ದಾರೆ. ಧರ್ಮ ಯಾವ ಕಡೆ ಇದೆ ಎಂದು ಚೆನ್ನಾಗಿ ಗೊತ್ತಿದ್ದೂ, ಉಂಡ ಅನ್ನಕ್ಕೆ ಕಟ್ಟುಬಿದ್ದು ಆ ಕಡೆ ನಿಂತರು. ಗೆಲುವನ್ನು ಈ ಕಡೆಗೆ ಹಾರೈಸಿದರು. ಎಲ್ಲಿ ಉಂಡೆಯೋ ಅಲ್ಲಿಗೇ ಓಟು ಎಂಬುದಕ್ಕೆ ಅಷ್ಟು ಹಿರಿಯ ಉದಾಹರಣೆಯಿದೆ. ಅಕ್ಕ ಪುಣ್ಯಕೋಟಿಯ ಬದಲು ಭೀಷ್ಮರನ್ನು ಎತ್ತಿದ್ದರೆ ನಾನು ಇನ್ನೂ ಹೆಚ್ಚು ತಬ್ಬಿಬ್ಬಾಗುತ್ತಿದ್ದೆ.

ಜಾಣರ ಒಂದು ಉತ್ತರವಿದೆ, ವೇದಿಕೆಗಳ ಮೇಲೂ ಕೇಳಿದ್ದೇವೆ: ಎಲ್ಲರ ಹತ್ತಿರವೂ ದುಡ್ಡು ತೆಗೆದುಕೊಳ್ಳಿ, ಅದು ನಿಮ್ಮದೇ ದುಡ್ಡು, ಓಟು ಮಾತ್ರ ಮನಸ್ಸಿಗೆ ಬಂದವರಿಗೆ ಹಾಕಿ. ಚಪ್ಪಾಳೆ ಬೀಳುವ ಮಾತು. ನಮ್ಮ ಸಹೋದ್ಯೋಗಿಯೊಬ್ಬರು ಇದನ್ನು ಬಹಳ ಕ್ರಾಂತಿಕಾರಿ ಮಾತೆಂಬಂತೆ ಹೇಳುತ್ತಾರೆ. ನನಗೇಕೋ ಒಪ್ಪಿಗೆಯಾಗುವುದಿಲ್ಲ. ಅವಳು ಒಂದು ಚುನಾವಣೆಯಲ್ಲಿ ಆಣೆ ಮಾಡಿ ತಪ್ಪಿದರೆ ಮುಂದಿನದರಲ್ಲಿ ತಪ್ಪುವುದು ಸುಲಭವಾಗುತ್ತದೆ, ಅದರ ಮುಂದಿನದರಲ್ಲಿ ತಪ್ಪಿದ್ದೇ ಗೊತ್ತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪತ್ರವಿಲ್ಲದೆ, ಸಾಕ್ಷಿಯಿಲ್ಲದೆ ಎಷ್ಟು ವ್ಯವಹಾರ ಇನ್ನೂ ಬರೀ ಮಾತಿನ ಮೇಲೆ ನಡೆಯುತ್ತಿದೆ! ಬಿತ್ತನೆಗೆ ಇಸಿದುಕೊಂಡ ರಾಗಿ, ವಾರಕ್ಕೆ ಹಾಕಿಕೊಂಡ ಹಸು, ಮಗಳ ಮದುವೆಗೆ ತಂದ ಕೈಸಾಲ. ಅದೇ ಮಾತನ್ನು ಈ ಮೂವರು ರಾತ್ರಿ ಬಂದು ಬಡವರ ಬಾಯಿಂದ ಇಸಿದುಕೊಂಡು, ಮುರಿಯಲೇಬೇಕಾದ ಹಾಗೆ ಮಾಡಿ ಹೋಗುತ್ತಾರೆ. ಸಾವಿರ ರೂಪಾಯಿಗೆ ಓಟು ಒಂದೇ ಹೋಗುವುದಲ್ಲ. ಆಣೆ ಉಳಿಸಿಕೊಂಡರೆ ಓಟು ಹೋಯಿತು, ಓಟು ಉಳಿಸಿಕೊಂಡರೆ ಆಣೆ ಹೋಯಿತು. ಎರಡರಲ್ಲಿ ಒಂದನ್ನು ಅವಳು ಕಳೆದುಕೊಳ್ಳಲೇಬೇಕು. ಅಂಥ ಇಕ್ಕಟ್ಟಿಗೆ ದೂಡಿದವರು ನಿದ್ದೆ ಮಾಡುತ್ತಾರೆ, ಅವಳು ಅವರೆಕಾಯಿ ಹಿಡಿದುಕೊಂಡು ಟೀಚರ ಮನೆಗೆ ಬರುತ್ತಾಳೆ.

ಇದನ್ನೆಲ್ಲ ಬರೆಯುವಾಗ ನನ್ನ ಅಡುಗೆಮನೆಯ ಗೂಟದಲ್ಲಿ ನೇತಾಡುತ್ತಿರುವ ಒಂದು ಚೀಲ ಕಣ್ಣಿಗೆ ಬೀಳುತ್ತದೆ. ಪ್ರೌಢಶಾಲೆಗೆ ಬಡ್ತಿ ಬಂದ ಮೇಲೆ ನಾನು ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೂ ಮತದಾರಳಾದೆ. ಅಲ್ಲಿ ಗುಂಡಿಯಿಲ್ಲ, ಮುದ್ರೆಯಿಲ್ಲ. ನೇರಳೆ ಪೆನ್ನಿನಲ್ಲಿ ಹೆಸರಿನ ಮುಂದೆ ಒಂದು, ಎರಡು ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರ ಕಡೆಯವರು ತಾಲ್ಲೂಕಿನ ಶಿಕ್ಷಕರನ್ನೆಲ್ಲ ಊಟಕ್ಕೆ ಕರೆದರು. ಹೋಳಿಗೆ ಊಟ. ಹೊರಡುವಾಗ ಪ್ರತಿಯೊಬ್ಬರ ಕೈಗೂ ಒಂದು ಒಳ್ಳೆಯ ಚೀಲ, ಒಳಗೆ ಡೈರಿ, ಪೆನ್ನು. ನಾನೂ ತೆಗೆದುಕೊಂಡೆ. ಯಾರೂ ನನ್ನ ಮುಂದೆ ಪಟ ಹಿಡಿಯಲಿಲ್ಲ. ಓದಿದವರಿಗೆ ಆಣೆ ಹಾಕಿಸಿದರೆ ಅವಮಾನ ಎಂದುಕೊಳ್ಳುತ್ತಾರೆಂದು ಅವರಿಗೆ ಗೊತ್ತು. ಆದ್ದರಿ೦ದಲೇ ನನಗೆ ಅಕ್ಕನ ಹಾಗೆ ನಿದ್ದೆ ಕೆಡಲಿಲ್ಲ. ಓಟನ್ನು ಯಾರಿಗೆ ಹಾಕಿದೆ ಎಂದು ಹೇಳುವುದಿಲ್ಲ, ಅದು ಗುಟ್ಟು. ಆದರೆ ಆ ಅಂಕಿ ಬರೆಯುವ ಮೊದಲು ಒಂದು ಕ್ಷಣ ಆ ಚೀಲದ ನೆನಪು ಬಂದದ್ದು ನಿಜ. ಚೀಲ ಗಟ್ಟಿಯಾಗಿದೆ, ಇನ್ನೂ ಹರಿದಿಲ್ಲ. ತರಕಾರಿಗೆ ಅದನ್ನೇ ಒಯ್ಯುತ್ತೇನೆ.

ನಾನು ಹಳೆಯದನ್ನು ಹೊಗಳುವ ಪೈಕಿ ಅಲ್ಲ. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ನಾನು ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ‘ನೀರುಸಾಬ್’ ಎಂದು ಜನ ಪ್ರೀತಿಯಿಂದ ಕರೆಯುತ್ತಿದ್ದ ಅಬ್ದುಲ್ ನಜೀರ್ ಸಾಬ್ ತಂದ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇಟ್ಟಿದ್ದರು. ಗೆದ್ದ ಹೆಂಗಸರ ಗಂಡಂದಿರೇ ಮೀಟಿಂಗಿಗೆ ಹೋಗಿ ಕೂರುತ್ತಿದ್ದರು, ಊರೆಲ್ಲ ನಗುತ್ತಿತ್ತು. 1993ರ ಕಾಯ್ದೆಯಲ್ಲಿ ಅದು ಮೂರನೇ ಒಂದು ಭಾಗವಾಯಿತು, 2010ರಲ್ಲಿ ಅರ್ಧವಾಯಿತು. ವಿಧವಾ ವೇತನದ ಕಾಗದ ಹಿಡಿದು ನಾಲ್ಕು ಸಲ ಕುಣಿಗಲ್ಲಿಗೆ ಹೋಗಿಬಂದ ಆ ಹೆಂಗಸು ಇದೇ ದಾರಿಯಲ್ಲಿ ಬಂದವಳು. ಅಪ್ಪನ ಕಾಲದಲ್ಲಿ ಹೀಗೆ ಅಕ್ಕನಿಗೆ ಇಕ್ಕಟ್ಟೇ ಬರುತ್ತಿರಲಿಲ್ಲ. ಏಕೆಂದರೆ ಮನಸ್ಸಿಗೆ ಬಂದ ಒಬ್ಬ ಅಭ್ಯರ್ಥಿಯೇ ಅವಳಿಗೆ ಇರುತ್ತಿರಲಿಲ್ಲ. ಲೋಕಸಭೆಯ ಚುನಾವಣೆಯಲ್ಲಿ ನಾವು ತುಮಕೂರು ಜಿಲ್ಲೆಯವರಾಗಿದ್ದೂ ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ, 2009ರಿಂದ, ಬೆಂಗಳೂರು ಗ್ರಾಮಾಂತರಕ್ಕೆ ಓಟು ಹಾಕುತ್ತೇವೆ. ಗೆದ್ದವರನ್ನು ಟೀವಿಯಲ್ಲಿ ನೋಡುತ್ತೇವೆ. ಪಂಚಾಯಿತಿಯವಳು ಹಾಗಲ್ಲ, ಎದುರು ಮನೆಯವಳು. ಅವಳಿಗೆ ಓಟು ಹಾಕದೆ ಇದ್ದರೆ ಬೆಳಿಗ್ಗೆ ರಂಗೋಲಿ ಹಾಕುವಾಗ ಅವಳ ಮುಖ ನೋಡಬೇಕು.

ಡ್ಯೂಟಿಯ ದಿನ ನನ್ನ ಮುಂದೆ ಬಂದ ಹೆಂಗಸರೆಲ್ಲ ಮಾಸ್ಕ್ ಹಾಕಿಕೊಂಡಿದ್ದರು. ಮುಖ ಕಾಣುತ್ತಿರಲಿಲ್ಲ, ಕಣ್ಣು ಮಾತ್ರ. ನನ್ನ ಕೈಗೂ ಗ್ಲೌಸು. ಮೊದಲು ಸ್ಯಾನಿಟೈಸರ್, ಆಮೇಲೆ ಶಾಯಿ. ಒಬ್ಬಳು ಮತಪತ್ರವನ್ನು ಕಣ್ಣಿಗೆ ಒತ್ತಿಕೊಂಡು ಮರೆಯೊಳಗೆ ಹೋದಳು. ಇನ್ನೊಬ್ಬಳು ಒಳಗೆ ಬಹಳ ಹೊತ್ತು ನಿಂತಳು, ಏಜೆಂಟರು ಕೆಮ್ಮತೊಡಗಿದರು. ಎಂದಿನ ಹಾಗಿದ್ದರೆ ನಾನು “ಬೇಗ ಬೇಗ ಅಮ್ಮ” ಎನ್ನುತ್ತಿದ್ದೆ. ಅಂದು ಏಜೆಂಟರ ಕಡೆ ತಿರುಗಿ, “ಇರಲಿ ಬಿಡಿ, ಅವರ ಹೊತ್ತು ಅವರದು” ಎಂದೆ. ಅವಳಿಗೂ ಒಂದು ತಟ್ಟೆಯ ನೆನಪಿತ್ತೋ, ಅಥವಾ ಬರೀ ಕನ್ನಡಕ ಮರೆತು ಬಂದಿದ್ದಳೋ.

ಡಿಸೆಂಬರ್ 30ಕ್ಕೆ ಎಣಿಕೆಯಾಯಿತು. ಅಕ್ಕನ ಬೀದಿಯಲ್ಲಿ ದುಡ್ಡು ಹಂಚಿದವರು ಗೆದ್ದರು, ಅಂತರ ದೊಡ್ಡದಲ್ಲ. ನಾನು ಅವಳಿಗೆ ಹೇಳಬೇಕೆಂದುಕೊಂಡಿದ್ದ ಅರ್ಜುನ, ಕೌಶಿಕ ಎಲ್ಲ ನನ್ನಲ್ಲಿಯೇ ಉಳಿದವು. ಆಮೇಲೆ ಎರಡು ಮೂರು ಸಲ ಸಿಕ್ಕಳು. ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೆರಳಿನ ಶಾಯಿ ಉಗುರಿನ ಜೊತೆ ಮೇಲೆ ಮೇಲೆ ಹೋಗುತ್ತಿತ್ತು.

2021ರ ಮಾರ್ಚ್ ಮೊದಲ ವಾರ, ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ಊರಿನಿಂದ ಹೊರಟರು. ಬೆಳಗಿನ ಜಾವ ಐದು ಗಂಟೆ. ನನ್ನ ತಮ್ಮನ ಮಗನೂ ಹೊರಟಿದ್ದ, ಅವನಿಗೆ ಚಕ್ಕುಲಿ ಡಬ್ಬ ಕೊಡಲು ದೇವಸ್ಥಾನದ ಹತ್ತಿರ ಹೋಗಿದ್ದೆ. ಅಕ್ಕ ಅಲ್ಲಿದ್ದಳು. ಅರಿಶಿನ ಹಚ್ಚಿದ ಬಟ್ಟೆಯಲ್ಲಿ ಏನನ್ನೋ ಗಂಟು ಕಟ್ಟಿ ಒಬ್ಬ ಹುಡುಗನ ಕೈಗೆ ಕೊಟ್ಟು, “ಹುಂಡಿಗೇ ಹಾಕ್ಬೇಕು ಕಣಪ್ಪ, ಬಿಚ್ಚಬೇಡ” ಎನ್ನುತ್ತಿದ್ದಳು.

“ಏನಕ್ಕ, ಹರಕೆನಾ?” ಎಂದೆ.

“ಹರಕೆ ಅಲ್ಲ. ತಪ್ಪು ಕಾಣಿಕೆ.”

ಎಷ್ಟು ಎಂದು ಕೇಳಲಿಲ್ಲ, ಎರಡು ನೋಟು ಎಂದು ಮನಸ್ಸು ತಾನೇ ಎಣಿಸಿಕೊಂಡಿತು. ಆದರೆ ಯಾವ ತಪ್ಪು? ಆಣೆ ಮುರಿದು ಆ ಹೆಂಗಸಿಗೆ ಓಟು ಹಾಕಿದ ತಪ್ಪೇ, ಆಣೆ ಉಳಿಸಿಕೊಳ್ಳಲು ಋಣ ಮರೆತ ತಪ್ಪೇ, ಅಥವಾ ತಟ್ಟೆಗೆ ಕೈಯಿಟ್ಟದ್ದೇ ತಪ್ಪೇ? ಕೇಳಿಯೇಬಿಟ್ಟೆ.

ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಅದುನ್ನ ಸ್ವಾಮಿಗೆ ಹೇಳಿವ್ನಿ ಮೇಡಮ್ಮೋರೆ. ನೀವು ಓಟಿನ ಡ್ಯೂಟಿ ಮಾಡೋರು, ಕೇಳಬಾರದು.”

ಗುಂಪು ಗೋವಿಂದ ಹಾಕಿ ಯಡಿಯೂರಿನ ಹೆದ್ದಾರಿಯ ಕಡೆ ಹೊರಟಿತು. ಹುಡುಗ ಗಂಟನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಪಿನ್ನು ಚುಚ್ಚಿಕೊಂಡ. ನಾವಿಬ್ಬರೂ ಸ್ವಲ್ಪ ದೂರ ಅವರ ಹಿಂದೆ ನಡೆದು, ಕೆರೆ ಏರಿಯ ಹತ್ತಿರ ನಿಂತು, ಟಾರ್ಚುಗಳ ಬೆಳಕು ತಿರುವಿನಲ್ಲಿ ಮರೆಯಾದ ಮೇಲೆ ಹಾಲು ಕರೆಯುವ ಹೊತ್ತಾಯಿತೆಂದು ಹಿಂದಿರುಗಿದೆವು.